ಹತ್ತು ವರ್ಷ ದೂರ ಇದ್ದರೂ ಡಿವೋರ್ಸ್ ಯಾಕೆ ಸಿಗುವುದಿಲ್ಲ?

2023ರ ಮೇ 1ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು. ಮತ್ತೆ ಕೂಡಿಸಲು ಆಗದಷ್ಟು ಮುರಿದುಬಿದ್ದ ಮದುವೆಯನ್ನು ತಾನು ಕೊನೆಗೊಳಿಸಬಹುದು, ಇಬ್ಬರಲ್ಲಿ ಒಬ್ಬರು ಬೇಡ ಎಂದರೂ ಕೊನೆಗೊಳಿಸಬಹುದು ಎಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ಕೋರ್ಟಿನ ಮುಂದೆ 89 ವರ್ಷದ ಗಂಡ ಮತ್ತು 82 ವರ್ಷದ ಹೆಂಡತಿಯ ಪ್ರಕರಣ ಬಂತು. 1963ರಲ್ಲಿ ಮದುವೆಯಾಗಿ ದಶಕಗಳಿಂದ ಬೇರೆಯಾಗಿ ಬದುಕುತ್ತಿದ್ದವರು. ಗಂಡ ಡಿವೋರ್ಸ್ ಕೇಳಿದರು. ಕೋರ್ಟ್ ಕೊಡಲಿಲ್ಲ.

ಈ ಎರಡೂ ಸುದ್ದಿಯನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ಅದರ ಮೇಲೆ ವಾಟ್ಸಾಪ್ ಸಂದೇಶಗಳು ಬೇರೆ. ಇಷ್ಟು ವರ್ಷ ದೂರ ಇದ್ದರೆ ಸಾಕು, ಡಿವೋರ್ಸ್ ತಾನಾಗಿಯೇ ಆಗುತ್ತದೆ ಅಂತ. ಅದನ್ನು ನಂಬಿಕೊಂಡು ತಮ್ಮೂರಿನ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದವರಿಗೆ ಅಲ್ಲಿ ಎದುರಾಗುವುದು ಬೇರೆಯದೇ ಪ್ರಶ್ನೆ: ತಪ್ಪು ಯಾರದು, ಸಾಕ್ಷಿ ಏನಿದೆ?

ಗೊಂದಲ ಹುಟ್ಟುವುದು ಇಲ್ಲೇ. ದೆಹಲಿಯಲ್ಲಿ ಒಂದು ಪ್ರಶ್ನೆ, ನಮ್ಮೂರಲ್ಲಿ ಇನ್ನೊಂದು ಪ್ರಶ್ನೆ.

ಕಾಯ್ದೆ ಒಪ್ಪುವ ಕಾರಣಗಳು

ನಮ್ಮಲ್ಲಿ ಬಹುಪಾಲು ಮದುವೆಗಳಿಗೆ ಅನ್ವಯವಾಗುವುದು 1955ರ ಹಿಂದೂ ವಿವಾಹ ಕಾಯ್ದೆ. ಬೌದ್ಧ, ಜೈನ, ಸಿಖ್ಖರಿಗೂ ಇದೇ. ವೀರಶೈವ, ಲಿಂಗಾಯತ ಎಂಬ ಹೆಸರುಗಳು ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲೇ ಇವೆ. ಡಿವೋರ್ಸ್ ಕಾರಣಗಳು ಇರುವುದು 13ನೇ ಸೆಕ್ಷನ್ನಿನಲ್ಲಿ.

ಗಂಡ ಅಥವಾ ಹೆಂಡತಿ ಬೇರೆಯವರೊಂದಿಗೆ ದೈಹಿಕ ಸಂಬಂಧ ಇಟ್ಟುಕೊಂಡಿದ್ದರೆ, ಕ್ರೌರ್ಯ ತೋರಿಸಿದ್ದರೆ, ಕನಿಷ್ಠ ಎರಡು ವರ್ಷ ತೊರೆದು ಹೋಗಿದ್ದರೆ, ಬೇರೆ ಧರ್ಮಕ್ಕೆ ಹೋಗಿದ್ದರೆ ಇನ್ನೊಬ್ಬರು ಡಿವೋರ್ಸ್ ಕೇಳಬಹುದು. ಜೊತೆಯಲ್ಲಿ ಬಾಳಲಾಗದಷ್ಟು ತೀವ್ರವಾದ ಮಾನಸಿಕ ಕಾಯಿಲೆ, ಹರಡುವಂಥ ಲೈಂಗಿಕ ರೋಗ, ಸನ್ಯಾಸ, ಏಳು ವರ್ಷ ಬದುಕಿರುವ ಸುಳಿವೇ ಇಲ್ಲದಿರುವುದು ಕೂಡ ಕಾರಣಗಳೇ. ಕುಷ್ಠರೋಗವೂ ಈ ಪಟ್ಟಿಯಲ್ಲಿತ್ತು. ಔಷಧಿಯಿಂದ ಪೂರ್ತಿ ವಾಸಿಯಾಗುವ ಕಾಯಿಲೆ ಅದು, ಆದರೂ ಪಟ್ಟಿಯಿಂದ ಹೋಗಲು 2019ರ ತನಕ ಕಾಯಬೇಕಾಯಿತು. ಹೆಂಡತಿಗೆ ಮಾತ್ರ ಇರುವ ಕೆಲವು ಕಾರಣಗಳೂ ಇವೆ. 15 ವರ್ಷ ತುಂಬುವ ಮೊದಲೇ ಮದುವೆ ಮಾಡಿಸಿದ್ದರೆ, 18 ತುಂಬುವುದರೊಳಗೆ ಆಕೆ ಆ ಮದುವೆಯನ್ನು ನಿರಾಕರಿಸಿ, ಅದರ ಆಧಾರದ ಮೇಲೆ ಡಿವೋರ್ಸ್ ಕೇಳಬಹುದು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕಾಯಿಲೆ, ಕಾಣೆಯಾಗುವಿಕೆ ಬಿಟ್ಟರೆ ಉಳಿದ ಬಹುತೇಕ ಕಾರಣಗಳು ಒಬ್ಬರು ತಪ್ಪು ಮಾಡಿದರು, ಇನ್ನೊಬ್ಬರಿಗೆ ನೋವಾಯಿತು ಎನ್ನುವ ಲೆಕ್ಕದಲ್ಲಿವೆ. "ನಮಗೆ ಹೊಂದಲಿಲ್ಲ" ಎನ್ನುವ ಕಾರಣ ಇದರಲ್ಲಿಲ್ಲ. "ಹತ್ತು ವರ್ಷದಿಂದ ಮಾತೇ ಇಲ್ಲ" ಎನ್ನುವುದೂ ಇಲ್ಲ. ಅಷ್ಟೇ ಅಲ್ಲ, 23ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಿದವರು ತಮ್ಮದೇ ತಪ್ಪಿನ ಲಾಭ ಪಡೆಯುವಂತಿಲ್ಲ. ಹೆಂಡತಿಯನ್ನು ಮನೆಯಿಂದ ಆಚೆ ಹಾಕಿದ ಗಂಡ, ಐದು ವರ್ಷ ಬಿಟ್ಟು "ಅವಳು ನನ್ನ ಜೊತೆ ಇಲ್ಲ" ಎಂದು ಕೋರ್ಟಿಗೆ ಬರಬಾರದು ಎನ್ನುವುದು ಅದರ ಉದ್ದೇಶ. ಆ ಕಾಳಜಿ ನ್ಯಾಯವಾದದ್ದೇ.

ಎರಡು ವರ್ಷದ ವದಂತಿ ಹುಟ್ಟಿದ್ದು ಎಲ್ಲಿಂದ?

"ಎರಡು ವರ್ಷ ಬೇರೆ ಇದ್ದರೆ ಡಿವೋರ್ಸ್" ಎನ್ನುವ ಮಾತು ಹುಟ್ಟಿರುವುದು ಈ ತೊರೆದು ಹೋಗುವ ಕಾರಣದಿಂದಲೇ. ಆದರೆ ಕಾನೂನಿನಲ್ಲಿ ದೂರ ಇರುವುದು ಬೇರೆ, ತೊರೆದು ಹೋಗುವುದು ಬೇರೆ. ಸಂಸಾರ ಮುಗಿಸಿಬಿಡಬೇಕು ಎನ್ನುವ ಉದ್ದೇಶದಿಂದ, ಸರಿಯಾದ ಕಾರಣ ಇಲ್ಲದೆ, ಇನ್ನೊಬ್ಬರಿಗೆ ಇಷ್ಟವಿಲ್ಲದಿದ್ದರೂ ಬಿಟ್ಟು ಹೋಗಿರಬೇಕು. ಆ ಉದ್ದೇಶ ಎರಡು ವರ್ಷ ಸತತವಾಗಿ ಇತ್ತು ಎಂದು ತೋರಿಸಬೇಕು.

ಕೆಲಸದ ಮೇಲೆ ಗಂಡ ದುಬೈಯಲ್ಲಿ, ಹೆಂಡತಿ ಉಡುಪಿಯಲ್ಲಿ ಇದ್ದರೆ ಅದು ತೊರೆಯುವಿಕೆ ಅಲ್ಲ. ಹೊಡೆತ ತಾಳಲಾರದೆ ತವರು ಸೇರಿದ ಹೆಂಡತಿ ಕೂಡ ತೊರೆದವಳಲ್ಲ. ಅಂಥ ಕಡೆ, ಮನೆಯಲ್ಲೇ ಕೂತಿರುವ ಗಂಡನೇ ಅವಳನ್ನು ತೊರೆದಂತೆ ಎಂದು ಕಾನೂನು ನೋಡುತ್ತದೆ. ಹಾಗಾಗಿ ಕ್ಯಾಲೆಂಡರ್ ತೋರಿಸಿದರೆ ಸಾಲದು. ಹೊಸಿಲು ದಾಟಿದ್ದು ಯಾಕೆ ಎನ್ನುವುದನ್ನು ಹೇಳಬೇಕು, ಸಾಬೀತು ಮಾಡಬೇಕು.

ಇದರ ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆ. ಊರ ಹಿರಿಯರ ಮುಂದೆ ಕೂತು ಸ್ಟಾಂಪ್ ಪೇಪರಿನ ಮೇಲೆ ಬರೆದು, ನೋಟರಿ ಸೀಲ್ ಹಾಕಿಸಿಕೊಂಡರೆ ಮುಗಿಯಿತು ಎಂದುಕೊಳ್ಳುವವರು ಇನ್ನೂ ಜಾಸ್ತಿ ಇದ್ದಾರೆ. ಉತ್ತರ ಕರ್ನಾಟಕದ ಕೆಲವು ಕಡೆ ಇಂಥ ಪತ್ರಕ್ಕೆ ಸೋಡಚೀಟಿ ಎನ್ನುತ್ತಾರೆ. ಕೆಲವು ಸಮುದಾಯಗಳಲ್ಲಿ ಹಳೆಯ ಕಾಲದಿಂದ ನಡೆದುಬಂದ ಪದ್ಧತಿಯನ್ನು ಕಾಯ್ದೆಯ 29ನೇ ಸೆಕ್ಷನ್ ಉಳಿಸಿಕೊಂಡಿರುವುದು ನಿಜ. ಆದರೆ ಆ ಪದ್ಧತಿ ತಮ್ಮ ಸಮುದಾಯದಲ್ಲಿ ಇದೆ ಎಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕು. ಅದು ಆಗದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ, ಮೊದಲ ಮದುವೆ ಹಾಗೇ ಉಳಿದಿರುತ್ತದೆ. ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ಊರ್ಜಿತವಲ್ಲ. ಮೇಲಾಗಿ ಅದು ಜೈಲು ಶಿಕ್ಷೆ ಇರುವ ಅಪರಾಧ.

ಎಲ್ಲ ಭಾರವೂ ಕ್ರೌರ್ಯದ ಮೇಲೆ

ಬೇರೆ ದಾರಿ ಇಲ್ಲದಾಗ ಎಲ್ಲರೂ ಕ್ರೌರ್ಯದ ಬಾಗಿಲು ತಟ್ಟುತ್ತಾರೆ. ಸ್ವಾರಸ್ಯ ಏನೆಂದರೆ, 1955ರಲ್ಲಿ ಕ್ರೌರ್ಯ ಡಿವೋರ್ಸಿಗೆ ಕಾರಣವೇ ಆಗಿರಲಿಲ್ಲ. ಅದರ ಆಧಾರದ ಮೇಲೆ ಸಿಗುತ್ತಿದ್ದುದು ನ್ಯಾಯಿಕ ಪ್ರತ್ಯೇಕತೆ ಮಾತ್ರ. ಅಂದರೆ ಮದುವೆ ಉಳಿದೇ ಇರುತ್ತದೆ, ಒಟ್ಟಿಗೆ ಇರಬೇಕಾದ ಕಟ್ಟುಪಾಡು ಮಾತ್ರ ಇರುವುದಿಲ್ಲ. 1976ರ ತಿದ್ದುಪಡಿ ಬಂದ ಮೇಲೆ ಕ್ರೌರ್ಯ ನೇರವಾಗಿ ಡಿವೋರ್ಸಿನ ಕಾರಣವಾಯಿತು.

ಕ್ರೌರ್ಯ ಎಂದರೇನು ಎಂದು ಕಾಯ್ದೆ ಹೇಳುವುದಿಲ್ಲ. ಅರ್ಥ ತುಂಬುತ್ತಾ ಬಂದದ್ದು ಕೋರ್ಟುಗಳು. ಕೊಲೆ ಕೇಸಿನ ಹಾಗೆ ಎಳ್ಳಷ್ಟೂ ಸಂಶಯ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ, ಎರಡೂ ಕಡೆಯ ಸಾಕ್ಷಿ ತೂಗಿ ಯಾವುದು ನಂಬುವಂತಿದೆ ಎಂದು ನೋಡಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. 1993ರಲ್ಲಿ ಮಾನಸಿಕ ಕ್ರೌರ್ಯವನ್ನು ವಿವರಿಸಿತು: ಇನ್ನು ಇವರೊಂದಿಗೆ ಬಾಳಿ ಎಂದು ಹೇಳುವುದೇ ತಪ್ಪಾಗುವಷ್ಟು ಮನಸ್ಸಿಗೆ ನೋವಾಗಿರಬೇಕು. 2007ರಲ್ಲಿ ಉದಾಹರಣೆಗಳನ್ನೇ ಕೊಟ್ಟು, ಇದು ಪೂರ್ತಿ ಪಟ್ಟಿಯಲ್ಲ ಎಂದೂ ಸೇರಿಸಿತು. ದಿನನಿತ್ಯದ ಸಣ್ಣಪುಟ್ಟ ಜಗಳ, ಮುನಿಸು ಕ್ರೌರ್ಯ ಅಲ್ಲ ಎನ್ನುವುದನ್ನೂ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ.

ನಮ್ಮ ಹೈಕೋರ್ಟಿನ ಎರಡು ತೀರ್ಪು ನೋಡಿ. 2022ರಲ್ಲಿ ಒಬ್ಬ ಹೆಂಡತಿಯ ಪ್ರಕರಣದಲ್ಲಿ, ಭಾವನಾತ್ಮಕ ಸಂಬಂಧವೇ ಇಲ್ಲದೆ ಅವಳನ್ನು ಬರೀ ದುಡ್ಡು ಕೊಡುವ ಯಂತ್ರದಂತೆ ಗಂಡ ಬಳಸಿಕೊಂಡದ್ದು ಮಾನಸಿಕ ಕ್ರೌರ್ಯ ಎಂದಿತು. 2023ರಲ್ಲಿ ಬೆಂಗಳೂರಿನ ಒಬ್ಬ ಗಂಡ, ತನ್ನ ಮೈಬಣ್ಣ ಕಪ್ಪು ಎಂದು ಹೆಂಡತಿ ಹೀಯಾಳಿಸುತ್ತಿದ್ದಳು ಎಂದು ಹೇಳಿದ್ದರು. ಅದನ್ನು ಮುಚ್ಚಿಡಲು ತನ್ನ ಮೇಲೆ ಅಕ್ರಮ ಸಂಬಂಧದ ಸುಳ್ಳು ಆರೋಪವನ್ನೂ ಹೊರಿಸಿದಳು ಎಂದಿದ್ದರು. 2007ರ ಮದುವೆ ಅದು. ಕೌಟುಂಬಿಕ ನ್ಯಾಯಾಲಯ 2017ರಲ್ಲಿ ಅರ್ಜಿ ವಜಾ ಮಾಡಿತ್ತು. ಹೈಕೋರ್ಟ್ ಇದು ಕ್ರೌರ್ಯವೇ ಎಂದು ಹೇಳಿ ಡಿವೋರ್ಸ್ ಕೊಟ್ಟಿತು. ಅದೇ ಸಂಗತಿ, ಅದೇ ಸಾಕ್ಷಿ, ಆದರೆ ಒಂದು ಕೋರ್ಟಿಗೆ ಸಾಲದು, ಇನ್ನೊಂದಕ್ಕೆ ಸಾಕು. ನಡುವೆ ಆರು ವರ್ಷ ಕಳೆದುಹೋಯಿತು.

ತಪ್ಪು ಹುಡುಕುವ ಈ ಪದ್ಧತಿ ಮನುಷ್ಯರನ್ನು ಏನು ಮಾಡುತ್ತದೆ ಎನ್ನುವುದು ಪಾಟಿ ಸವಾಲಿನ, ಅಂದರೆ ಎದುರು ಕಡೆಯ ವಕೀಲರ ಪ್ರಶ್ನೆಗೆ ಕೊಟ್ಟ ಉತ್ತರಗಳ ಹಾಳೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ಕನ್ನಡದಲ್ಲಿ ದಾಖಲಾಗುವ ಸಾಕ್ಷ್ಯಕ್ಕೆ ಒಂದು ಧಾಟಿ ಇದೆ. "ನಾನು ಅತ್ತೆಗೆ ಊಟ ಬಡಿಸುತ್ತಿರಲಿಲ್ಲ ಎಂದರೆ ಸರಿಯಲ್ಲ." "ಮಗುವಿನ ನಾಮಕರಣದ ದಿನ ನಾನು ಜಗಳ ತೆಗೆದು ತವರಿಗೆ ಹೋದೆ ಎಂದರೆ ಸುಳ್ಳು." ಹೀಗೆ ಸಾಲು ಸಾಲು ಹೋಗುತ್ತದೆ. ಇಬ್ಬರ ನಡುವೆ ಮಾತ್ರ ಇದ್ದ ಸಂಗತಿಗಳು ಟೈಪಾಗಿ, ಸಹಿಯಾಗಿ, ಕಡತಕ್ಕೆ ಸೇರುತ್ತವೆ. ಸಾಕ್ಷಿ ಹೇಳಲು ಅಣ್ಣ, ಅತ್ತಿಗೆ, ಪಕ್ಕದ ಮನೆಯವರು ಬರುತ್ತಾರೆ. ಅರ್ಜಿ ಹಾಕುವ ದಿನ ಹೇಗೋ ಮಾತಾಡಿಕೊಳ್ಳುತ್ತಿದ್ದವರು, ಸಾಕ್ಷ್ಯ ಮುಗಿಯುವ ಹೊತ್ತಿಗೆ ಮಗುವಿನ ಶಾಲೆಯ ಫೀಸಿನ ಬಗ್ಗೆಯೂ ಮಾತಾಡಲಾರದಂತೆ ಆಗಿರುತ್ತಾರೆ. ತಪ್ಪು ಸಾಬೀತಾಗದಿದ್ದರೆ ಅರ್ಜಿ ವಜಾ. ಅಂದರೆ ಇಷ್ಟೆಲ್ಲ ಆದ ಮೇಲೂ ಅವರು ಗಂಡ ಹೆಂಡತಿಯೇ!

ಒಪ್ಪಿಗೆಯ ದಾರಿ

ಇದಕ್ಕಿಂತ ಎಷ್ಟೋ ಮೇಲಾದ ದಾರಿ 13ಬಿ ಸೆಕ್ಷನ್, ಪರಸ್ಪರ ಒಪ್ಪಿಗೆಯ ವಿಚ್ಛೇದನ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮೊದಲಿಂದಲೂ ಇದ್ದ ಈ ಅವಕಾಶ ಹಿಂದೂ ಕಾಯ್ದೆಗೆ ಬರಲು 22 ವರ್ಷ ಹಿಡಿಯಿತು. ಒಂದು ವರ್ಷ ಬೇರೆಯಾಗಿ ಇದ್ದಿರಬೇಕು, ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಬೇರೆಯಾಗಿ ಎಂದರೆ ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ಹಾಕಿದ ಆರು ತಿಂಗಳ ನಂತರ, 18 ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು ನಮ್ಮ ನಿರ್ಧಾರ ಬದಲಾಗಿಲ್ಲ ಎನ್ನಬೇಕು. ಆಗ ಡಿಕ್ರಿ, ಅಂದರೆ ಡಿವೋರ್ಸಿನ ಆದೇಶ. ಆ ಆರು ತಿಂಗಳು ಕಾಯುವುದೂ ಕಡ್ಡಾಯವಲ್ಲ ಎಂದು 2017ರ ತೀರ್ಪು ಹೇಳಿತು. ಆಗಲೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿ ಪ್ರಯತ್ನ ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ಕೌಟುಂಬಿಕ ನ್ಯಾಯಾಲಯವೇ ಅದನ್ನು ಮನ್ನಾ ಮಾಡಬಹುದು.

ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯವೂ ಇದೆ, ಮಧ್ಯಸ್ಥಿಕೆ ಕೇಂದ್ರವೂ ಇದೆ. ತಪ್ಪಿನ ಆಧಾರದ ಮೇಲೆ ಶುರುವಾದ ಕೇಸು ಮಧ್ಯಸ್ಥಿಕೆಗೆ ಹೋಗಿ, ಒಪ್ಪಿಗೆಯ ಅರ್ಜಿಯಾಗಿ ಬದಲಾಗಿ ಮುಗಿಯುವುದುಂಟು. ಅದು ಒಳ್ಳೆಯದೇ.

ತೊಡಕು ಇರುವುದು ಒಪ್ಪಿಗೆ ಎನ್ನುವ ಮಾತಿನಲ್ಲೇ. ಕೊನೆಯ ದಿನದ ತನಕ ಯಾರು ಬೇಕಾದರೂ ಹಿಂದೆ ಸರಿಯಬಹುದು. ಹಾಗಾಗಿ ಒಪ್ಪಿಗೆಗೇ ಒಂದು ಬೆಲೆ ಬಂದುಬಿಡುತ್ತದೆ. ದುಡ್ಡಿರುವ ಗಂಡ "ಜೀವನಾಂಶ ಬೇಡ ಅಂತ ಬರೆದುಕೊಡು, ಸಹಿ ಹಾಕ್ತೀನಿ" ಎನ್ನುತ್ತಾನೆ. ಹೆಂಡತಿಯ ಕಡೆಯವರು "ಇಷ್ಟು ಲಕ್ಷ ಇಡಿ, ಆಮೇಲೆ ಮಾತಾಡಿ" ಎನ್ನುತ್ತಾರೆ. ಯಾರಿಗೆ ಬೇಗ ಬಿಡುಗಡೆ ಬೇಕೋ ಅವರು ಸೋಲುತ್ತಾರೆ. ಮರುಮದುವೆಯ ವಯಸ್ಸು ಮೀರುತ್ತಿದೆ ಎಂದು ತವಕಿಸುವವರು ಬಂದ ಷರತ್ತಿಗೆಲ್ಲ ತಲೆಯಾಡಿಸುತ್ತಾರೆ. ಸುಮ್ನೆ ಪಟ್ಟು ಹಿಡಿದು ಕೂರುವ ಶಕ್ತಿ ಇದ್ದವರದೇ ಮೇಲುಗೈ.

ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರ

ಹಾಗಾದರೆ ಸುಪ್ರೀಂ ಕೋರ್ಟ್ ಹೇಗೆ ಕೊಡುತ್ತದೆ? ಸಂವಿಧಾನದ 142ನೇ ವಿಧಿಯಿಂದ. ತನ್ನ ಮುಂದಿರುವ ಪ್ರಕರಣದಲ್ಲಿ ಸಂಪೂರ್ಣ ನ್ಯಾಯ ಒದಗಿಸಲು ಬೇಕಾದ ಆದೇಶ ಮಾಡುವ ಅಧಿಕಾರವನ್ನು ಆ ವಿಧಿ ಕೊಡುತ್ತದೆ, ಅದೂ ಸುಪ್ರೀಂ ಕೋರ್ಟಿಗೆ ಮಾತ್ರ. ಹೈಕೋರ್ಟಿಗೆ ಇಲ್ಲ, ಕೌಟುಂಬಿಕ ನ್ಯಾಯಾಲಯಕ್ಕಂತೂ ಇಲ್ಲವೇ ಇಲ್ಲ.

2023ರ ಮೇ ತೀರ್ಪು ಈ ಅಧಿಕಾರವನ್ನು ಹೇಗೆ ಬಳಸಬೇಕು ಎಂದೂ ಹೇಳಿತು. ಎಷ್ಟು ಕಾಲ ಒಟ್ಟಿಗೆ ಇದ್ದರು, ಕೊನೆಗೆ ಒಟ್ಟಿಗಿದ್ದದ್ದು ಯಾವಾಗ, ಒಬ್ಬರ ಮೇಲೊಬ್ಬರು ಎಂಥ ಆರೋಪ ಮಾಡಿಕೊಂಡಿದ್ದಾರೆ, ರಾಜಿಗೆ ಎಷ್ಟು ಸಲ ಪ್ರಯತ್ನವಾಗಿದೆ, ಹೆಂಡತಿ ಮಕ್ಕಳ ಆರ್ಥಿಕ ಸ್ಥಿತಿ ಏನು ಎಂದೆಲ್ಲ ನೋಡಬೇಕು. ಆರು ವರ್ಷ ಅಥವಾ ಅದಕ್ಕೂ ಜಾಸ್ತಿ ಬೇರೆ ಇದ್ದರೆ ಅದನ್ನು ಮುಖ್ಯವಾಗಿ ಗಮನಿಸಬಹುದು. ವಾಟ್ಸಾಪಿನಲ್ಲಿ ಓಡಾಡುವ "ಆರು ವರ್ಷ" ಇಲ್ಲಿಂದ ಬಂದದ್ದು. ಆದರೆ ಇದೆಲ್ಲ ಹಕ್ಕಲ್ಲ, ಕೋರ್ಟಿನ ವಿವೇಚನೆ. ನೇರವಾಗಿ ಸುಪ್ರೀಂ ಕೋರ್ಟಿಗೋ ಹೈಕೋರ್ಟಿಗೋ ರಿಟ್ ಅರ್ಜಿ ಹಾಕಿ ನನ್ನ ಮದುವೆ ಮುರಿದಿದೆ, ಡಿವೋರ್ಸ್ ಕೊಡಿ ಎಂದು ಕೇಳುವಂತಿಲ್ಲ ಎಂದೂ ಅದೇ ತೀರ್ಪು ಸ್ಪಷ್ಟವಾಗಿ ಹೇಳಿದೆ.

ಇದು ವಿವೇಚನೆ ಎನ್ನುವುದು ತಿಳಿದರೆ 89 ವರ್ಷದವರ ಪ್ರಕರಣವೂ ಅರ್ಥವಾಗುತ್ತದೆ. ಗಂಡ ವಾಯುಪಡೆಯಲ್ಲಿ ಇದ್ದವರು, ಹೆಂಡತಿ ಶಿಕ್ಷಕಿಯಾಗಿದ್ದವರು. ಈ ವಯಸ್ಸಿನಲ್ಲಿ ವಿಚ್ಛೇದಿತೆ ಎನ್ನುವ ಕಳಂಕ ಹೊತ್ತು ಸಾಯಲಾರೆ, ಈಗಲೂ ಗಂಡನನ್ನು ನೋಡಿಕೊಳ್ಳಲು ಸಿದ್ಧ ಎಂದು ಆಕೆ ಹೇಳಿದರು. ಭಾರತೀಯ ಸಮಾಜದಲ್ಲಿ ಮದುವೆಯನ್ನು ಇಂದಿಗೂ ಪವಿತ್ರ ಎಂದೇ ನೋಡುತ್ತಾರೆ, ಮದುವೆ ಮುರಿದಿದೆ ಎಂಬ ಒಂದೇ ಸೂತ್ರವನ್ನು ಎಲ್ಲರಿಗೂ ಹೊಂದಿಸಲು ಬರುವುದಿಲ್ಲ ಎಂದು ಕೋರ್ಟ್ ಆಕೆಯ ಮಾತಿಗೆ ಮನ್ನಣೆ ಕೊಟ್ಟಿತು. ಆ ಹಿರಿಯ ಹೆಣ್ಣುಮಗಳ ಮನಸ್ಸು ಅರ್ಥವಾಗುತ್ತದೆ. ಆದರೆ ಅಷ್ಟೇ ವರ್ಷ ದೂರ ಇದ್ದ ಇನ್ನೊಂದು ಜೋಡಿಗೆ ಬೇರೆ ಪೀಠ ಬೇರೆ ಉತ್ತರ ಕೊಡಬಹುದು. ಜನ ಮುಂಚಿತವಾಗಿ ತಿಳಿದುಕೊಂಡು ಬದುಕು ರೂಪಿಸಿಕೊಳ್ಳಲು ಆಗದಂಥ ಸ್ಥಿತಿ ಇದು. ಅದಕ್ಕಿಂತ ಮುಖ್ಯವಾಗಿ, ಕೌಟುಂಬಿಕ ನ್ಯಾಯಾಲಯ, ಹೈಕೋರ್ಟ್ ಎಲ್ಲ ದಾಟಿ ದೆಹಲಿ ಮುಟ್ಟುವಷ್ಟು ಹಣ, ವಯಸ್ಸು, ತಾಳ್ಮೆ ಎಷ್ಟು ಜನರ ಹತ್ತಿರ ಇದೆ? ಯಾದಗಿರಿಯ ಒಬ್ಬ ಕೂಲಿ ಕಾರ್ಮಿಕಳಿಗೆ ಈ ಬಾಗಿಲು ಇದ್ದೂ ಇಲ್ಲದ ಹಾಗೆ.

ಕೆಳಗಿನ ಕೋರ್ಟುಗಳಿಗೆ ಒಂದು ಕಿಟಕಿ ಮಾತ್ರ ಇದೆ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಬರೀ ನಾಲ್ಕು ವರ್ಷ ಒಟ್ಟಿಗಿದ್ದು 25 ವರ್ಷ ದೂರ ಇದ್ದ ದಂಪತಿಯ ಪ್ರಕರಣದಲ್ಲಿ, ಹೀಗೆ ಸತ್ತ ಮದುವೆಯನ್ನು ಎಳೆಯುವುದೇ ಇಬ್ಬರಿಗೂ ಕ್ರೌರ್ಯ ಎಂದಿತು. 142ನೇ ವಿಧಿ ಬಳಸದೆ ಕಾಯ್ದೆಯೊಳಗೇ ದಾರಿ ಹುಡುಕಿತು. ವಕೀಲರು ಈಗ ಈ ತೀರ್ಪನ್ನು ಹಿಡಿದು ವಾದಿಸಬಹುದು. ಒಪ್ಪುವುದು ಬಿಡುವುದು ಆಯಾ ಪ್ರಕರಣದ ಸಂಗತಿಗೆ ಬಿಟ್ಟದ್ದು.

ಸಂಸತ್ತು ಯಾಕೆ ಸುಮ್ಮನಿದೆ?

ಮದುವೆ ಮುರಿದಿರುವುದನ್ನೇ ಕಾರಣವಾಗಿ ಸೇರಿಸಿ ಎಂದು ಕಾನೂನು ಆಯೋಗ 1978ರಲ್ಲೇ ತನ್ನ 71ನೇ ವರದಿಯಲ್ಲಿ ಹೇಳಿತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಅದೇ ಮಾತು ಹೇಳಿತು. 2009ರಲ್ಲಿ ಆಯೋಗ ಮತ್ತೆ ಹೇಳಿತು. 2010ರಲ್ಲಿ ಮಸೂದೆ ಬಂತು: ಮೂರು ವರ್ಷ ಬೇರೆ ಇದ್ದರೆ ಯಾರು ಬೇಕಾದರೂ ಕೇಳಬಹುದು. 2013ರಲ್ಲಿ ರಾಜ್ಯಸಭೆ ಅದನ್ನು ಪಾಸು ಮಾಡಿತು. ಲೋಕಸಭೆಯಲ್ಲಿ ಪಾಸಾಗಲೇ ಇಲ್ಲ, ಬಿದ್ದುಹೋಯಿತು.

ಎರಡು ಕಡೆಯಿಂದ ವಿರೋಧ ಇತ್ತು. ಡಿವೋರ್ಸ್ ಸಲೀಸಾದರೆ ಗಂಡ ಹೆಂಡತಿಯನ್ನು ಬೀದಿಗೆ ಬಿಟ್ಟು ಮೂರು ವರ್ಷದ ನಂತರ ಕೈತೊಳೆದುಕೊಳ್ಳುತ್ತಾನೆ ಎನ್ನುವುದು ಒಂದು ಭಯ. ಅದಕ್ಕೆ ಉತ್ತರವಾಗಿ, ತನಗೆ ತೀವ್ರ ಆರ್ಥಿಕ ಕಷ್ಟವಾಗುತ್ತದೆ ಎಂದು ತೋರಿಸಿ ಹೆಂಡತಿ ವಿರೋಧಿಸಬಹುದು ಎಂದು ಮಸೂದೆಯಲ್ಲಿ ಬರೆದರು. ಗಂಡನ ಆಸ್ತಿಯಲ್ಲಿ ಪಾಲು ಕೊಡಿಸುವ ಅಧಿಕಾರವನ್ನೂ ಸೇರಿಸಿದರು. ಆಗ ಪುರುಷರ ಹಕ್ಕಿನ ಸಂಘಟನೆಗಳು ಎದ್ದುನಿಂತವು. ಈ ರಕ್ಷಣೆ ಹೆಂಡತಿಗೆ ಮಾತ್ರ ಯಾಕೆ, ಗಂಡ ಪಿತ್ರಾರ್ಜಿತವಾಗಿ ಪಡೆದದ್ದರಲ್ಲಿ ಪಾಲು ಯಾಕೆ ಎಂದು ಕೇಳಿದವು.

ಜಗಳ ಎಲ್ಲಿಗೆ ಬಂದು ನಿಂತಿತು ನೋಡಿದಿರಲ್ವಾ? ಡಿವೋರ್ಸಿಗೆ ಕಾರಣ ಏನಿರಬೇಕು ಎನ್ನುವಲ್ಲಿಂದ ಶುರುವಾಗಿ ಮನೆ, ಹೊಲ, ಸೈಟಿಗೆ ಬಂತು.

ಬೇರೆ ಧರ್ಮದವರಿಗೆ, ಹೊರದೇಶದವರಿಗೆ

ಕ್ರೈಸ್ತರಿಗೆ 1869ರ ಕಾಯ್ದೆ ಇದೆ. ಒಪ್ಪಿಗೆಯ ಡಿವೋರ್ಸಿಗೆ ಅದರಲ್ಲಿ ಎರಡು ವರ್ಷ ಬೇರೆ ಇರಬೇಕಿತ್ತು. ಅದು ತಾರತಮ್ಯ, ಒಂದು ವರ್ಷ ಸಾಕು ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ಮುಸ್ಲಿಂ ಹೆಂಗಸರಿಗೆ 1939ರ ಕಾಯ್ದೆಯಲ್ಲಿ, ಗಂಡ ಎರಡು ವರ್ಷ ಜೀವನಕ್ಕೆ ಕೊಡದಿರುವುದು, ನಾಲ್ಕು ವರ್ಷ ಎಲ್ಲಿದ್ದಾನೆಂದೇ ಗೊತ್ತಿಲ್ಲದಿರುವುದು ಮುಂತಾದ ಕಾರಣಗಳಿವೆ. ಒಂದೇ ಉಸಿರಿನ ಮೂರು ತಲಾಖ್ 2017ರಲ್ಲಿ ಅಸಿಂಧುವಾಯಿತು, 2019ರಿಂದ ಅಪರಾಧ.

ಹೊರದೇಶದಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು. ಇಂಗ್ಲೆಂಡಿನಲ್ಲಿ 2022ರ ಏಪ್ರಿಲಿನಿಂದ ತಪ್ಪು ತೋರಿಸಬೇಕಿಲ್ಲ, ಮದುವೆ ಮುರಿದಿದೆ ಎಂದು ಒಬ್ಬರು ಹೇಳಿದರೂ ಸಾಕು. ಅಮೆರಿಕದಲ್ಲೂ ಇಂಥದೇ ಪದ್ಧತಿ. ಆದರೆ ಅಮೆರಿಕದ ಮಿಸೌರಿಯ ಕೋರ್ಟೊಂದು ಈ ಆಧಾರದ ಮೇಲೆ ಕೊಟ್ಟ ಡಿವೋರ್ಸನ್ನು ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಮದುವೆ ಯಾವ ಕಾನೂನಿನಡಿ ಆಗಿದೆಯೋ ಆ ಕಾನೂನು ಒಪ್ಪುವ ಕಾರಣವೇ ಇರಬೇಕು, ಇಲ್ಲವೇ ಇನ್ನೊಬ್ಬರು ಮನಸ್ಸಿನಿಂದ ಆ ಕೋರ್ಟಿನ ತೀರ್ಮಾನಕ್ಕೆ ಒಪ್ಪಿರಬೇಕು. ಹಾಗಿಲ್ಲದಿದ್ದರೆ ಲಂಡನ್ನಿನಲ್ಲಿ ಡಿವೋರ್ಸ್ ಆದವರು ಮೈಸೂರಿನಲ್ಲಿ ಇನ್ನೂ ಗಂಡ ಹೆಂಡತಿಯೇ ಆಗಿರಬಹುದು.

ಮನೆ ಯಾರದು?

ಮುರಿದ ಮದುವೆಯನ್ನು ಮುಗಿಸಲು ಕಾಯ್ದೆಯಲ್ಲೇ ದಾರಿ ಇರಬೇಕು ಎನ್ನುವುದು ಈ ಲೇಖನದ ನಿಲುವು. ಊರ ಕೋರ್ಟಿನಲ್ಲೇ ಸಿಗಬೇಕು, ಒಬ್ಬರನ್ನೊಬ್ಬರು ಕೆಸರಿಗೆ ಎಳೆಯದೆ ಸಿಗಬೇಕು. ಆದರೆ ಹೆಂಗಸರ ಭಯಕ್ಕೆ ಉತ್ತರ ಕೊಡದೆ ಅದನ್ನು ತಂದರೆ ಅನ್ಯಾಯವಾಗುತ್ತದೆ. ಇವತ್ತು ಅವರ ಕೈಯಲ್ಲಿ ಇರುವುದು ಜೀವನಾಂಶ. ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ ಮೇಲೆ ಸ್ವಲ್ಪ ಅನುಕೂಲವಾಗಿದೆ. ಆದರೂ ಜೀವನಾಂಶ ಎಂದರೆ ಕೇಳಿ ಪಡೆಯುವುದು. ಬಾಕಿ ಉಳಿದರೆ ವಸೂಲಿಗೆ ಮತ್ತೆ ಅರ್ಜಿ, ಮತ್ತೆ ವಾಯಿದೆ.

ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಗೋವಾ ಸಿಗುತ್ತದೆ. ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಅಲ್ಲಿ ಇನ್ನೂ ಇದೆ. ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಮದುವೆಯಾದವರ ಆಸ್ತಿ ಇಬ್ಬರಿಗೂ ಸೇರಿದ್ದು, ಅರ್ಧರ್ಧ. ಈ ಕಡೆ ಕಾರವಾರದಲ್ಲಿ 20 ವರ್ಷ ಸಂಸಾರ ನಡೆಸಿ, ಮಕ್ಕಳನ್ನು ಬೆಳೆಸಿ, ತನ್ನ ಬಳೆ ಅಡವಿಟ್ಟು ಮನೆಗೆ ತಾರಸಿ ಹಾಕಿಸಿದ ಹೆಂಗಸಿಗೆ, ಖಾತೆ ಗಂಡನ ಹೆಸರಿನಲ್ಲಿದ್ದರೆ, ಡಿವೋರ್ಸಿನ ದಿನ ಆ ಮನೆಯಲ್ಲಿ ಇಂತಿಷ್ಟು ಪಾಲು ನಿನ್ನದು ಎಂದು ಹೇಳುವ ಕಾನೂನು ಇಲ್ಲ. "ನಾನು ಡಿವೋರ್ಸಿಗೆ ಒಪ್ಪಲ್ಲ" ಎಂದು ಆಕೆ ಪಟ್ಟು ಹಿಡಿಯುವುದಕ್ಕೆ ಎಷ್ಟೋ ಸಲ ಕಾರಣ ಆ ತಾರಸಿ.